ಜಗಲಿಯ ಡಬ್ಬಿಯಲ್ಲಿದ್ದ ಶಿವ-ಪಾರ್ವತಿ: ಮಲಪ್ರಭೆ ದಂಡೆಯ ಒಂದು ಮನೆಯ ನಾಣ್ಯಗಳ ಪ್ರಕರಣ ಅಧ್ಯಯನ

ಬಾದಾಮಿ ಸೀಮೆಯಲ್ಲಿ, ಮಲಪ್ರಭೆಯ ದಂಡೆಗೆ ಹತ್ತಿಕೊಂಡಿರುವ ಹಳ್ಳಿಯೊಂದರ ಒಕ್ಕಲುತನದ ಮನೆ. ಅಣ್ಣ ತಮ್ಮ ಬೇರೆಯಾಗುತ್ತಿದ್ದರು. ಹೊಲ, ಎತ್ತು, ಹಿತ್ತಲ ಜಾಗ ಎಲ್ಲವೂ ಹಿರಿಯರ ಸಮ್ಮುಖದಲ್ಲಿ ತಕರಾರಿಲ್ಲದೆ ಪಾಲಾದವು. ಉಳಿದದ್ದು ದೇವರ ಜಗಲಿಯ ಮೇಲಿದ್ದ ಹಿತ್ತಾಳೆ ಡಬ್ಬಿ ಮಾತ್ರ. ಗುಳೇದಗುಡ್ಡದ ಖಣದ ತುಂಡಿನಲ್ಲಿ ಸುತ್ತಿಟ್ಟ ಹಳೆಯ ನಾಣ್ಯಗಳು ಅದರಲ್ಲಿದ್ದವು. ವರ್ಷಕ್ಕೊಮ್ಮೆ ದೀಪಾವಳಿ ಅಮಾವಾಸ್ಯೆಯಂದು ಅವುಗಳನ್ನು ಹೊರಗೆ ತೆಗೆದು, ಹುಣಸೆಹಣ್ಣು ಹಚ್ಚಿ ಬೆಳಗಿ, ಅರಿಷಿಣ ಕುಂಕುಮವಿಟ್ಟು ಲಕ್ಷ್ಮೀಪೂಜೆ ಮಾಡುವುದು ಆ ಮನೆಯ ಪದ್ಧತಿ.

ತಮ್ಮ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಮೊಬೈಲ್‌ನಲ್ಲಿ ಕಂಡ ಜಾಹೀರಾತೊಂದಕ್ಕೆ ಅವನು ಡಬ್ಬಿಯ ಒಂದು ನಾಣ್ಯದ ಫೋಟೊ ಕಳುಹಿಸಿದ್ದ. ತಾಮ್ರದ ಬಣ್ಣದ ದೊಡ್ಡ ಬಿಲ್ಲೆ ಅದು. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಒಂದು ಆಣೆ, 1818’. ಮರುದಿನವೇ ಕರೆ ಬಂತು. ನಾಣ್ಯಕ್ಕೆ ಹನ್ನೆರಡು ಲಕ್ಷ ರೂಪಾಯಿ ಕೊಡುತ್ತೇವೆ, ಆದರೆ ಮೊದಲು ನೋಂದಣಿ ಶುಲ್ಕವೆಂದು ಎಂಟೂವರೆ ಸಾವಿರ ಕಟ್ಟಬೇಕು ಎಂದರು. ಅಣ್ಣ ಒಪ್ಪಲಿಲ್ಲ. ದೇವರ ನಾಣ್ಯ ಮಾರಬಾರದು ಎಂಬುದು ಅವನ ನಿಲುವು. ಮಾರಿ ಬಂದ ಹಣವನ್ನು ಸಮ ಪಾಲು ಮಾಡೋಣ ಎಂಬುದು ತಮ್ಮನದು. ಶಾಲೆಯಲ್ಲಿ ಇಬ್ಬರಿಗೂ ಇತಿಹಾಸ ಹೇಳಿಕೊಟ್ಟವನು ನಾನು. “ಮಾಸ್ತರರೇ, ನೀವು ಬಂದು ನೋಡಿ ಏನು ಹೇಳುತ್ತೀರೋ ಅದಕ್ಕೆ ನಾವು ಬದ್ಧ” ಎಂದು ಅಣ್ಣ ಕರೆದ. ಈ ಬರಹ ಆ ಡಬ್ಬಿಯಲ್ಲಿ ಸಿಕ್ಕಿದ್ದರ ಪೂರ್ಣ ವಿವರ.

ಹಣದ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಹಳೆಯ ನಾಣ್ಯ, ನೋಟು ಕೊಳ್ಳುತ್ತೇವೆಂದು ಹೇಳಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಇಂಥ ವ್ಯವಹಾರದಲ್ಲಿ ತಾನು ಇಲ್ಲ, ತನ್ನ ಹೆಸರಿನಲ್ಲಿ ಶುಲ್ಕ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ತಮ್ಮನಿಗೆ ಅದನ್ನೇ ಹೇಳಿದೆ. ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಅಷ್ಟು ಹೇಳಿದ ಮೇಲೂ ಅವನ ಮುಖದಲ್ಲಿ ಒಂದು ಪ್ರಶ್ನೆ ಉಳಿದಿತ್ತು, ಅದು ನ್ಯಾಯವಾದ ಪ್ರಶ್ನೆಯೇ: “ನಾಣ್ಯವಾದರೂ ಖರೆಯದಲ್ಲವೇ?”

ಅಲ್ಲ. ಅದು ಏಕೆ ಅಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಂಥ ಬಿಲ್ಲೆಗಳು ನಮ್ಮ ಭಾಗದ ಎಷ್ಟೋ ಮನೆಗಳ ಜಗಲಿಯಲ್ಲಿವೆ.

1835ಕ್ಕೆ ಮೊದಲು ಕಂಪನಿಗೆ ಇಡೀ ದೇಶಕ್ಕೆ ಒಂದೇ ನಾಣ್ಯ ಎಂಬುದು ಇರಲಿಲ್ಲ. ಬಂಗಾಳ, ಮುಂಬಯಿ, ಮದರಾಸು ಮೂರೂ ಪ್ರಾಂತಗಳು ತಂತಮ್ಮ ನಾಣ್ಯ ಹೊಡೆಯುತ್ತಿದ್ದವು. 1835ರಲ್ಲಿ ನಾಲ್ಕನೆಯ ವಿಲಿಯಂನ ಮುಖವಿರುವ ಏಕರೂಪದ ರೂಪಾಯಿ ಬಂತು. ‘ಒಂದು ಆಣೆ’ ಎಂಬ ಬಿಡಿ ನಾಣ್ಯವಂತೂ ಚಲಾವಣೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಏಳನೆಯ ಎಡ್ವರ್ಡ್ ಕಾಲದಲ್ಲಿ, ಅದೂ ನಿಕ್ಕಲ್ ಮಿಶ್ರಲೋಹದಲ್ಲಿ. 1818ರ ತಾಮ್ರದ ಒಂದಾಣೆ ಎಂಬುದು ಇರಲು ಸಾಧ್ಯವೇ ಇಲ್ಲ. ಬಿಲ್ಲೆಯ ಅಂಚನ್ನು ಬೆಳಕಿಗೆ ಹಿಡಿದಾಗ ಎರಕದ ಬೆಸುಗೆ ಗೆರೆ ಸುತ್ತಲೂ ಕಂಡಿತು. ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿದ್ದವು. ಅಚ್ಚಿನ ಕೆಳಗಿಟ್ಟು ಹೊಡೆದ ನಾಣ್ಯಕ್ಕೆ ಇವು ಇರುವುದಿಲ್ಲ. ಹತ್ತಿರದ ಯಾವುದೋ ಜಾತ್ರೆಯ ಸಾಲಂಗಡಿಯಲ್ಲಿ ತಂದೆ ಕೊಂಡು ತಂದಿದ್ದರು ಎಂಬುದನ್ನು ಕೊನೆಗೆ ಅಣ್ಣನೇ ನೆನಪಿಸಿಕೊಂಡ.

ಆ ಸುಳ್ಳಿಗೆ ಇಷ್ಟು ಬಲ ಬಂದದ್ದಕ್ಕೆ ಒಂದು ಕಾರಣವಿದೆ. ಕಂಪನಿಯು ಹಿಂದೂ ದೇವರ ಚಿತ್ರವಿರುವ ನಾಣ್ಯವನ್ನು ನಿಜವಾಗಿಯೂ ಹೊಡೆಸಿತ್ತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಟಂಕಸಾಲೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ‘ಮೂರು ಸ್ವಾಮಿ ಪಗೋಡ’ ತಯಾರಾಗುತ್ತಿತ್ತು. ಬೆರಳ ತುದಿಯಷ್ಟು ಬಂಗಾರದ ನಾಣ್ಯ. ನಡುವೆ ವೆಂಕಟೇಶ್ವರ, ಎಡಬಲಕ್ಕೆ ಇಬ್ಬರು ದೇವಿಯರು. ನೇಕಾರರಿಂದ ಬಟ್ಟೆ ಕೊಳ್ಳಬೇಕಾದ ವ್ಯಾಪಾರಿಗಳಿಗೆ ಆ ನಾಡಿನ ಜನ ಒಪ್ಪುವ ಹೊನ್ನು ಬೇಕಿತ್ತು. ಆ ಬಿಲ್ಲೆಯ ಮೇಲೆ ಕೆತ್ತಿರುವ 1818ರಲ್ಲಿಯೇ ಮದರಾಸು ಪ್ರಾಂತ ಪಗೋಡ ಲೆಕ್ಕವನ್ನು ಕೈಬಿಟ್ಟು ಬೆಳ್ಳಿ ರೂಪಾಯಿಗೆ ಬದಲಾಯಿತು. ನಮ್ಮ ಸೀಮೆಯಲ್ಲಿಯೂ ಅದು ದೊಡ್ಡ ವರ್ಷ. ಪೇಶ್ವೆಯ ಆಳ್ವಿಕೆ ಕುಸಿದು, ಆ ವರ್ಷದ ಫೆಬ್ರವರಿಯಲ್ಲಿ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೋ ಬಾದಾಮಿ ಕೋಟೆಯನ್ನು ಹಿಡಿದ.

ಡಬ್ಬಿಯಲ್ಲಿದ್ದ ಎರಡು ಹಿತ್ತಾಳೆ ‘ರಾಮಟಂಕ’ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಮ ಪಟ್ಟಾಭಿಷೇಕದ ಚಿತ್ರವಿರುವ ಇವು ಪೂಜೆಗೆಂದು, ಯಾತ್ರೆಯ ನೆನಪಿಗೆಂದು ಮಾಡಿದ ಬಿಲ್ಲೆಗಳು. ಪೇಟೆಯಲ್ಲಿ ಹಣವಾಗಿ ಎಂದೂ ನಡೆದಿಲ್ಲ. ಮೇಲಿನ ಅಂಕಿಗಳನ್ನು ಇಸವಿ ಎಂದು ನಂಬಬಾರದು. ಇವುಗಳಿಗೂ ಆ 1818ರ ಬಿಲ್ಲೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ರಾಮಟಂಕ ಭಕ್ತಿಯ ವಸ್ತು, ಅದು ಯಾರನ್ನೂ ಮೋಸಗೊಳಿಸಲು ಹುಟ್ಟಿದ್ದಲ್ಲ. ರಾಣಿ ಛಾಪಿನ ನಾಲ್ಕು ಬೆಳ್ಳಿ ರೂಪಾಯಿಗಳೂ ಇದ್ದವು. ಅವು ಎಲ್ಲ ಮನೆಗಳಲ್ಲಿಯೂ ಇರುವಂಥವು.

ನನ್ನ ಗಮನ ಸೆಳೆದವು ಉಳಿದ ಮೂರು.

ಬಂಗಾರದ ವರಾಹ

ಮನೆಯವರು ಇದನ್ನು ‘ಶಿವ-ಪಾರ್ವತಿ ಹೊನ್ನು’ ಎನ್ನುತ್ತಿದ್ದರು. ವಿಜಯನಗರದ ಕಾಲದ್ದು, ಹಂಪಿಯಿಂದ ಬಂದದ್ದು ಎಂಬುದು ಮನೆಯ ನಂಬಿಕೆ. ಅಣ್ಣ ತಮ್ಮಂದಿರ ಆಯಿ ಇನ್ನೂ ಇದ್ದಾರೆ. ತಮ್ಮ ಅತ್ತೆಗೆ ಮದುವೆಯಲ್ಲಿ ತವರಿನವರು ಉಡಿ ತುಂಬಿದಾಗ ಬಂದ ನಾಣ್ಯ ಇದು, ಆ ತವರು ತುಂಗಭದ್ರೆಯ ಆಚೆ ದಂಡೆಯ ಕಡೆಯದು ಎಂದು ಅವರು ಹೇಳಿದರು. ಈ ಮಾತನ್ನು ನಾನು ತಕ್ಷಣ ಬರೆದುಕೊಂಡೆ. ನಾಣ್ಯ ಎಲ್ಲಿಂದ ಬಂತು ಎಂಬ ನೆನಪು ಕಳೆದುಹೋದರೆ ಅರ್ಧ ಇತಿಹಾಸ ಕಳೆದ ಹಾಗೆ. ಆಯಿಯ ಬಾಯಿಂದ ಬಂದ ಒಂದು ವಾಕ್ಯ ಎಷ್ಟೋ ಪ್ರದರ್ಶನ ಪೆಟ್ಟಿಗೆಗಳಲ್ಲಿರುವ ನಾಣ್ಯಗಳಿಗೂ ಇಲ್ಲ.

ಪತ್ತಾರರ ತಕ್ಕಡಿಯಲ್ಲಿ ಅದು ಸುಮಾರು 3.4 ಗ್ರಾಂ ತೂಗಿತು. ವರಾಹ ಎಂಬ ಹಳೆಯ ಬಂಗಾರದ ನಾಣ್ಯದ ಪೂರ್ಣ ತೂಕ. ಮುಂಬದಿಯಲ್ಲಿ ಶಿವ ಕುಳಿತಿದ್ದಾನೆ, ಪಕ್ಕದಲ್ಲಿ ಪಾರ್ವತಿ. ಶಿವನ ಕೈಯಲ್ಲಿ ತ್ರಿಶೂಲ, ಜಿಂಕೆ. ವರ್ಷವರ್ಷವೂ ಹುಣಸೆಹಣ್ಣಿನಿಂದ ಬೆಳಗಿದ್ದರಿಂದ ಮುಖದ ಗೆರೆಗಳು ಮಾಸಿದ್ದವು, ಆದರೂ ಕೂತ ಭಂಗಿ ಸ್ಪಷ್ಟವಾಗಿತ್ತು. ಎರಡನೆಯ ಹರಿಹರನ ಮತ್ತು ದೇವರಾಯರ ವರಾಹಗಳಲ್ಲಿ ಕಾಣುವ ಉಮಾಮಹೇಶ್ವರನ ಚಿತ್ರ ಇದೇ. ಅಲ್ಲಿಯವರೆಗೆ ಮನೆಯವರ ಮಾತು ಸರಿ.

ನಾಣ್ಯವನ್ನು ತಿರುವಿದರೆ ಕಥೆ ಬದಲಾಗುತ್ತದೆ. ವಿಜಯನಗರದ ವರಾಹದ ಹಿಂಬದಿಯಲ್ಲಿ ನಾಗರಿ ಲಿಪಿಯ ಸಾಲುಗಳಿರಬೇಕು: ‘ಶ್ರೀ ಪ್ರತಾಪ ಹರಿಹರ’, ‘ಶ್ರೀ ಪ್ರತಾಪ ದೇವರಾಯ’ ಎಂಬಂತೆ. ಇಲ್ಲಿ ಅದು ಯಾವುದೂ ಇಲ್ಲ. ಸಾಸಿವೆಯಷ್ಟು ಸಣ್ಣ ಚುಕ್ಕೆಗಳು ತುಂಬಿದ ಬಯಲು, ನಟ್ಟನಡುವೆ ಒಂದೇ ಒಂದು ಅಕ್ಷರ. ಪರ್ಷಿಯನ್ ಲಿಪಿಯ ‘ಹೆ’. ಹೈದರ್ ಅಲಿಯ ಹೆಸರಿನ ಮೊದಲ ಅಕ್ಷರ.

ಹೈದರ್ 1763ರಲ್ಲಿ ಬಿದನೂರನ್ನು ಗೆದ್ದ. ಅದು ಇಕ್ಕೇರಿ ಅರಸರ ರಾಜಧಾನಿ, ಸಂಪತ್ತಿನ ನಗರ. ಅಲ್ಲಿನ ಟಂಕಸಾಲೆಯಲ್ಲಿ ತಯಾರಾಗುತ್ತಿದ್ದ ಇಕ್ಕೇರಿ ವರಾಹದ ಮುಂಬದಿಯಲ್ಲಿ ಶಿವ-ಪಾರ್ವತಿ, ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. ಹೈದರ್ ಹಿಂಬದಿಯನ್ನು ಮಾತ್ರ ಬದಲಿಸಿ ತನ್ನ ಅಕ್ಷರ ಹಾಕಿಸಿದ. ಮುಂಬದಿಯ ದೇವರನ್ನು ಮುಟ್ಟಲಿಲ್ಲ. ಘಟ್ಟದ ಮೆಣಸು, ಅಡಕೆ, ಅಕ್ಕಿಯ ವ್ಯಾಪಾರವೆಲ್ಲ ಆ ವರಾಹದ ಮೇಲೆಯೇ ನಡೆದಿತ್ತು. ಸಾಹುಕಾರ ಅದನ್ನು ನೋಡಿದೊಡನೆ ಗುರುತಿಸಿ, ಒರೆಗೆ ಹಚ್ಚದೆಯೇ ಎಣಿಸಿಕೊಳ್ಳುತ್ತಿದ್ದ. ಆ ನಂಬಿಕೆಯನ್ನು ಒಡೆಯಲು ಯಾವ ಬುದ್ಧಿವಂತ ಅರಸನೂ ಮುಂದಾಗುವುದಿಲ್ಲ. ಹೈದರನಿಗಿಂತ ಸುಮಾರು ಆರು ಶತಮಾನ ಮೊದಲು ಉತ್ತರದಲ್ಲಿ ಮಹಮದ್ ಘೋರಿಯೂ ಇದನ್ನೇ ಮಾಡಿದ್ದ: ಅಲ್ಲಿನ ಗಾಹಡವಾಲ ಅರಸರ ನಾಣ್ಯದ ಮೇಲೆ ಕುಳಿತಿದ್ದ ಲಕ್ಷ್ಮಿಯನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರನ್ನು ನಾಗರಿಯಲ್ಲಿ ಬರೆಸಿದ್ದ.

ಹೈದರನ ಮಗ ಟಿಪ್ಪು ಬೇರೆ ದಾರಿ ಹಿಡಿದ. ದೇವರ ಚಿತ್ರಗಳನ್ನು ತೆಗೆದು ಪರ್ಷಿಯನ್ ಬರಹ ಹಾಕಿಸಿದ, ತಾಮ್ರದ ಕಾಸಿನ ಮೇಲೆ ಆನೆಯನ್ನು ನಿಲ್ಲಿಸಿದ, ಆದರೆ ತಂದೆಯ ‘ಹೆ’ಯನ್ನು ಉಳಿಸಿಕೊಂಡ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೊನ್ನಿನ ಮೇಲೆ ಮತ್ತೆ ಶಿವ-ಪಾರ್ವತಿ ಬಂದರು. ವಿಜಯನಗರದ ಸಂಗಮ ವಂಶ, ಇಕ್ಕೇರಿ ನಾಯಕರು, ಹೈದರ್, ಒಡೆಯರು: ನಾಲ್ಕು ಅಧಿಕಾರಗಳು, ನಾಲ್ಕು ಶತಮಾನಗಳು, ಒಂದೇ ಚಿತ್ರ. ಈ ಸಾಲನ್ನು ಜೋಡಿಸಿ ನೋಡಿದಾಗ ನನಗೆ ಅನ್ನಿಸುವುದು ಇಷ್ಟು. ನಾಣ್ಯದ ಮೇಲಿನ ದೇವರನ್ನು ಕಂಡು ಅದನ್ನು ಹೊಡೆಸಿದವನ ಮತವನ್ನು ಹೇಳಲು ಹೊರಟರೆ ದಾರಿ ತಪ್ಪುತ್ತೇವೆ. ಆ ದೇವರು ಹೆಚ್ಚಾಗಿ ಹೇಳುವುದು ನಾಣ್ಯವನ್ನು ಕೈಯಲ್ಲಿ ಹಿಡಿದು ನಂಬಬೇಕಾಗಿದ್ದ ಜನರ ಬಗ್ಗೆ. 1770ರ ದಶಕದ ಕೊನೆಯ ಹೊತ್ತಿಗೆ ಹೈದರನ ಅಧಿಕಾರ ಕೃಷ್ಣಾ ನದಿಯವರೆಗೆ ಚಾಚಿತ್ತು. 1786ರಲ್ಲಿ ಮರಾಠರು ಮತ್ತು ನಿಜಾಮನ ಸೈನ್ಯ ಬಾದಾಮಿಗೆ ಮುತ್ತಿಗೆ ಹಾಕಿದಾಗ ಕೋಟೆಯಲ್ಲಿದ್ದದ್ದು ಟಿಪ್ಪುವಿನ ದಂಡು. ಇಂಥ ಹೊನ್ನು ತುಂಗಭದ್ರೆ ದಾಟಿ ಒಬ್ಬ ಮದುಮಗಳ ಉಡಿಯಲ್ಲಿ ಮಲಪ್ರಭೆಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದನ್ನು ಹೇಳಿದಾಗ ಜಗಲಿಯ ಮುಂದೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಮ್ಮ ಕೇಳಿದ: “ಹಾಗಾದರೆ ಇದನ್ನು ಪೂಜೆಗೆ ಇಡುವುದು ಹೇಗೆ, ಮಾಸ್ತರರೇ?” ಉತ್ತರ ಕೊಟ್ಟವರು ಆಯಿ. “ನಾನು ಇಷ್ಟು ವರ್ಷ ಕುಂಕುಮ ಹಚ್ಚಿದ್ದು ಶಿವ-ಪಾರ್ವತಿಗೆ. ಯಾರು ಹೊಡೆಸಿದರು ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಡಬ್ಬಿಯಲ್ಲಿ ಇಡಪ್ಪ.” ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಎಲ್ಲ ನಾಣ್ಯಗಳಿಗೂ ಇದೇ ಅಳತೆಗೋಲು ಹಿಡಿಯಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕೆಲವೊಮ್ಮೆ ದೇವರ ಚಿತ್ರ ಅರಸನ ಸ್ವಂತ ಮಾತೇ ಆಗಿರುತ್ತದೆ. ಕೃಷ್ಣದೇವರಾಯನ ವರಾಹದ ಮೇಲೆ ಬೆಣ್ಣೆ ಮುದ್ದೆ ಹಿಡಿದು ಕುಳಿತ ಬಾಲಕೃಷ್ಣನಿದ್ದಾನೆ. ಉದಯಗಿರಿಯನ್ನು ಗೆದ್ದ ರಾಯ ಅಲ್ಲಿಂದ ಬಾಲಕೃಷ್ಣನ ಮೂರ್ತಿಯನ್ನು ತಂದು 1515ರಲ್ಲಿ ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ. ಶಾಸನ, ದೇವಾಲಯ, ನಾಣ್ಯ ಮೂರೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಅಚ್ಯುತರಾಯನ ವರಾಹದ ಮೇಲೆ ಆನೆಗಳನ್ನು ಹಿಡಿದ ಗಂಡಭೇರುಂಡ ಬಂತು. 1565ರ ರಕ್ಕಸತಂಗಡಗಿ ಯುದ್ಧದ ನಂತರ ಪೆನುಗೊಂಡೆಗೆ ಸರಿದ ತಿರುಮಲರಾಯನ ನಾಣ್ಯದಲ್ಲಿ ರಾಮ, ಸೀತೆ, ಲಕ್ಷ್ಮಣ ಕಾಣಿಸಿಕೊಂಡರು. ಮುಂದೆ ವೆಂಕಟಪತಿಯ ಕಾಲಕ್ಕೆ ವೆಂಕಟೇಶ್ವರ. ಅರಸೊತ್ತಿಗೆ ದಕ್ಷಿಣಕ್ಕೆ ಸರಿದಂತೆ ನಾಣ್ಯದ ದೇವರೂ ತಿರುಪತಿಯ ಕಡೆಗೆ ಸರಿದ. ಬದಲಾವಣೆ ಎಲ್ಲಿ ಆಯಿತು ಎಂಬುದು ಅರಸನ ಬಗ್ಗೆ ಹೇಳುತ್ತದೆ. ಬದಲಾಗದೆ ಉಳಿದದ್ದು ಪೇಟೆಯ ಬಗ್ಗೆ ಹೇಳುತ್ತದೆ.

ಪುತಳಿ

ಎರಡನೆಯದು ಆಯಿಯ ಪುತಳಿ ಸರದಿಂದ ಉಳಿದ ಒಂದೇ ಒಂದು ಬಿಲ್ಲೆ. ಸರದ ಉಳಿದ ಪುತಳಿಗಳು ಬರಗಾಲದ ವರ್ಷವೊಂದರಲ್ಲಿ ಮಾರಾಟವಾಗಿದ್ದವಂತೆ. ಬಿಲ್ಲೆಯ ಮೇಲ್ತುದಿಗೆ ದಾರ ಪೋಣಿಸುವ ಕೊಂಡಿ ಬೆಸೆದಿದೆ. ತೆಳುವಾದ ಬಂಗಾರ. ಮೇಲೆ ಎರಡು ನಿಂತ ಆಕೃತಿಗಳು, ನಡುವೆ ಒಂದು ಉದ್ದನೆಯ ಕೋಲು. “ರಾಮ-ಸೀತೆ” ಎಂದರು ಆಯಿ. ನಮ್ಮ ಕಡೆ ಎಲ್ಲರೂ ಹಾಗೆಯೇ ಹೇಳುತ್ತಾರೆ.

ಈ ಚಿತ್ರದ ಮೂಲ ವೆನಿಸ್. ಆ ನಗರ 1284ರಿಂದ ಹೊಡೆಸಿದ ಬಂಗಾರದ ಡುಕಾಟ್ ನಾಣ್ಯದ ಮುಂಬದಿಯಲ್ಲಿ ಸಂತ ಮಾರ್ಕ್ ನಿಂತಿದ್ದಾನೆ. ಅವನ ಮುಂದೆ ವೆನಿಸ್ಸಿನ ಅಧಿಪತಿಯಾದ ಡೋಜ್ ಮೊಣಕಾಲೂರಿ ಧ್ವಜದ ಕೋಲನ್ನು ಸ್ವೀಕರಿಸುತ್ತಿದ್ದಾನೆ. ಹಿಂಬದಿಯಲ್ಲಿ ನಕ್ಷತ್ರಗಳ ಅಂಡಾಕಾರದ ಚೌಕಟ್ಟಿನಲ್ಲಿ ಕ್ರಿಸ್ತ. 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಮುಗಿಸುವವರೆಗೆ, ಐದು ಶತಮಾನಗಳ ಕಾಲ, ಈ ಚಿತ್ರ ಬದಲಾಗಲಿಲ್ಲ. ಶುದ್ಧ ಬಂಗಾರ, ಸುಮಾರು ಮೂರೂವರೆ ಗ್ರಾಂ ತೂಕ. ನಮ್ಮ ವರಾಹಕ್ಕೆ ಬಹಳ ಹತ್ತಿರ. ಮೆಣಸು, ಬಟ್ಟೆಗಳ ಬೆಲೆಯಾಗಿ ಅರಬ್ಬೀ ಸಮುದ್ರ ದಾಟಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದ ಈ ನಾಣ್ಯ ಘಟ್ಟ ಹತ್ತಿ ಮೇಲಿನ ನಾಡಿಗೂ ಬಂತು. ಹೆಂಗಸರ ಕೊರಳಿಗೆ ಏರಿತು. ಬೇಡಿಕೆ ಹೆಚ್ಚಿದಾಗ ಇಲ್ಲಿನ ಪತ್ತಾರರೇ ನಕಲು ಮಾಡತೊಡಗಿದರು.

ನಮ್ಮ ಕೈಯಲ್ಲಿದ್ದದ್ದು ಅಂಥ ನಕಲು. ಲ್ಯಾಟಿನ್ ಅಕ್ಷರಗಳಿರಬೇಕಾದ ಕಡೆ ಬರೀ ನೆಟ್ಟಗಿನ ಗೆರೆಗಳಿವೆ. ಓದಲು ಬಾರದ ಲಿಪಿಯನ್ನು ಪತ್ತಾರ ಅಲಂಕಾರವೆಂದು ತಿಳಿದು ಕೆತ್ತಿದ್ದಾನೆ. ಮೊಣಕಾಲೂರಿದ ಡೋಜ್ ಎದ್ದು ನಿಂತಿದ್ದಾನೆ, ಸೊಂಟ ಸಣ್ಣದಾಗಿದೆ, ಮೈಮೇಲೆ ಸೀರೆಯ ನೆರಿಗೆಯಂಥ ಗೆರೆಗಳು ಬಂದಿವೆ. ಧ್ವಜದ ಕೋಲಿನ ತುದಿ ಬಿಲ್ಲಿನಂತೆ ಬಾಗಿದೆ. ಈ ಬಿಲ್ಲೆಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ಒಂದು ಧರ್ಮದ ಚಿತ್ರ ಇನ್ನೊಂದು ಧರ್ಮದ ಚಿತ್ರವಾಗಿ ಬದಲಾದದ್ದಕ್ಕೆ ಇಲ್ಲಿ ಯಾವ ಅರಸನ ಆಜ್ಞೆಯೂ ಇಲ್ಲ, ಯಾವ ಪಂಡಿತನ ಗ್ರಂಥವೂ ಇಲ್ಲ. ತನಗೆ ಅರ್ಥವಾಗದ ಚಿತ್ರವನ್ನು ತನಗೆ ಗೊತ್ತಿದ್ದ ದೇವರಂತೆ ಕಂಡ ಒಬ್ಬ ಕುಶಲಕರ್ಮಿಯ ಕೈ ಮಾತ್ರ ಇದೆ. ಹೆಸರಿಲ್ಲದ ಆ ಪತ್ತಾರನ ಕೈಯನ್ನು ನಾನು ಬಾದಾಮಿಯ ಗುಹೆಗಳ ಶಿಲ್ಪಿಗಳಷ್ಟೇ ಗೌರವದಿಂದ ನೋಡುತ್ತೇನೆ.

ಚಿತ್ರ ಹೀಗೆ ದಾಟುವುದು ಹೊಸದಲ್ಲ. ಕೈಯಲ್ಲಿ ನೇಗಿಲು ಹಿಡಿದ ಬಲರಾಮನ, ಚಕ್ರ ಶಂಖ ಹಿಡಿದ ವಾಸುದೇವನ ಅತ್ಯಂತ ಹಳೆಯ ಚಿತ್ರಗಳಲ್ಲಿ ಕೆಲವು ಇರುವುದು ಅಗಾಥೊಕ್ಲಿಸ್ ಎಂಬ ಗ್ರೀಕ್ ಅರಸನ ಬೆಳ್ಳಿ ನಾಣ್ಯಗಳ ಮೇಲೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಆ ನಾಣ್ಯಗಳು 1970ರಲ್ಲಿ ಅಫ್ಘಾನಿಸ್ತಾನದ ಐ-ಖಾನುಮ್‌ನಲ್ಲಿ ಸಿಕ್ಕವು. ಒಂದು ಬದಿಯಲ್ಲಿ ಗ್ರೀಕ್, ಇನ್ನೊಂದು ಬದಿಯಲ್ಲಿ ಬ್ರಾಹ್ಮಿ. ಕುಷಾಣರ ಕನಿಷ್ಕ ತನ್ನ ನಾಣ್ಯದಲ್ಲಿ ಬುದ್ಧನನ್ನು ನಿಲ್ಲಿಸಿ ಪಕ್ಕದಲ್ಲಿ ಗ್ರೀಕ್ ಅಕ್ಷರಗಳಲ್ಲಿ ‘ಬೊದ್ದೊ’ ಎಂದು ಬರೆಸಿದ. ಅದೇ ಅರಸನ ಬೇರೆ ನಾಣ್ಯಗಳಲ್ಲಿ ಇರಾನಿನ ಚಂದ್ರ, ಸೂರ್ಯ ದೇವತೆಗಳಿದ್ದಾರೆ. ಬಲರಾಮ ಗ್ರೀಕರ ನಾಣ್ಯದಲ್ಲಿದ್ದ ಎಂದಾಗ ಅಣ್ಣನ ಕಣ್ಣು ಅರಳಿತು. ನೇಗಿಲು ಹಿಡಿದ ದೇವರು ಒಕ್ಕಲಿಗನಿಗೆ ಹತ್ತಿರದವನು.

ಚಿತ್ರವಿಲ್ಲದ ತಾಮ್ರ

ಮೂರನೆಯದನ್ನು ಮನೆಯವರು ತೋರಿಸಲೂ ಇಲ್ಲ. ಡಬ್ಬಿಯ ತಳದಲ್ಲಿ, ಖಣದ ಹೊರಗೆ ಬಿದ್ದಿತ್ತು. ದಪ್ಪನೆಯ, ಅಂಚು ಸವೆದ ತಾಮ್ರದ ತುಂಡು. ಅಜ್ಜ ಉಳುವಾಗ ಊರ ಹೊರಗಿನ ಹಾಳು ಹುಡೆಯ, ಅಂದರೆ ಹಳೆಯ ಕಾವಲು ಗೋಪುರದ, ಬುಡದ ಹೊಲದಲ್ಲಿ ಸಿಕ್ಕಿದ್ದಂತೆ. “ಅದರ ಮೇಲೆ ದ್ಯಾವರಿಲ್ಲ, ಅದು ಸಾಬರ ದುಡ್ಡು” ಎಂದು ತಮ್ಮ ಬದಿಗೆ ಸರಿಸಿದ. ಅದೃಷ್ಟವೆಂದರೆ, ಪೂಜೆಗೆ ಇಡದ ಕಾರಣ ಅದಕ್ಕೆ ಹುಣಸೆಹಣ್ಣು ತಾಗಿರಲಿಲ್ಲ. ಶತಮಾನಗಳ ಹಸಿರು ಕಿಲುಬಿನ ಪದರ ಅಕ್ಷರಗಳನ್ನು ಕಾಪಾಡಿತ್ತು.

ಓರೆ ಬೆಳಕಿನಲ್ಲಿ ಹಿಡಿದು, ಫೋಟೊ ತೆಗೆದು, ಹಿಗ್ಗಿಸಿ ಓದಿದೆ. ಒಂದು ಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ‘ಇಬ್ರಾಹಿಂ ಅಬಲಾ ಬಲಿ’. ಇನ್ನೊಂದು ಬದಿಯಲ್ಲಿ ಅರ್ಧ ಅಳಿಸಿದ ‘ಗುಲಾಮ್ ಅಲಿ ಮುರ್ತಜಾ’. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಸು. ಅವನ ಆಳ್ವಿಕೆ 1580ರಿಂದ 1627.

ಚಿತ್ರವೇ ಇಲ್ಲದ ಈ ನಾಣ್ಯ ಆ ಡಬ್ಬಿಯಲ್ಲಿದ್ದ ಎಲ್ಲ ದೇವರ ನಾಣ್ಯಗಳಿಗಿಂತ ಹೆಚ್ಚು ಧಾರ್ಮಿಕ ಇತಿಹಾಸವನ್ನು ಹೊತ್ತಿದೆ ಎಂದು ನಾನು ದೃಢವಾಗಿ ಹೇಳುತ್ತೇನೆ. ಒಂದು ಬದಿ ಪ್ರವಾದಿಯ ಅಳಿಯ ಅಲಿಯ ದಾಸ ತಾನೆಂದು ಸಾರುತ್ತದೆ. ಶಿಯಾ ಮತ್ತು ಸುನ್ನಿ ಪಂಥಗಳ ನಡುವೆ ತಲೆಮಾರಿನಿಂದ ತಲೆಮಾರಿಗೆ ಅರಮನೆಯ ನಿಷ್ಠೆ ಬದಲಾಗುತ್ತಾ ಬಂದ ವಂಶ ಅದು. ಇನ್ನೊಂದು ಬದಿಯಲ್ಲಿ ಅದೇ ಅರಸ ತನ್ನನ್ನು ಅಬಲರಿಗೆ ಬಲವಾದವನು ಎಂದು ಕರೆದುಕೊಳ್ಳುತ್ತಾನೆ, ಸಂಸ್ಕೃತದ ಮಾತುಗಳಲ್ಲಿ, ಪರ್ಷಿಯನ್ ಅಕ್ಷರಗಳಲ್ಲಿ. ಬಂಗಾರದ ಹೊನ್ನಿನ ಮೇಲೆ ಇಂಥ ಬಿರುದು ಇದ್ದಿದ್ದರೆ ಅದು ಅರಮನೆಯ ಪ್ರತಿಷ್ಠೆಗೆ ಎನ್ನಬಹುದಿತ್ತು. ಇದು ತಾಮ್ರದ ಕಾಸು. ಸಂತೆಯಲ್ಲಿ ಕಾಯಿಪಲ್ಲೆ, ಉಪ್ಪು, ಎಣ್ಣೆ ಕೊಳ್ಳುವವರ ಕೈಗೆ ಹೋಗುವ ದುಡ್ಡು.

ಬಿರುದು ಬರೀ ಮಾತಾಗಿರಲಿಲ್ಲ ಎನ್ನಲು ಬೇರೆ ಸಾಕ್ಷ್ಯಗಳಿವೆ. ಇದೇ ಇಬ್ರಾಹಿಂ ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆ. ಮೋತಿಖಾನ್ ಎಂಬ ತನ್ನ ತಂಬೂರಿಯನ್ನು, ಆತಶ್‌ಖಾನ್ ಎಂಬ ಆನೆಯನ್ನು ಹೆಸರು ಹಿಡಿದು ಹಾಡಿದ್ದಾನೆ. ಜನ ಅವನನ್ನು ಜಗದ್ಗುರು ಬಾದಶಹ ಎಂದರು. ಸಂಗೀತಗಾರರಿಗಾಗಿ 1599ರಲ್ಲಿ ಅವನು ಕಟ್ಟಿಸತೊಡಗಿದ ನವರಸಪುರದ ಸಂಗೀತ ಮಹಲಿನ ಅವಶೇಷ ತೊರವಿಯ ಬಳಿ ಇಂದಿಗೂ ನಿಂತಿದೆ. ಹಾಡು ಅರಮನೆಯೊಳಗೆ ಉಳಿಯಬಹುದು, ಕಟ್ಟಡವನ್ನು ಹೋಗಿ ನೋಡಬೇಕು. ಕಾಸು ಮಾತ್ರ ಮಲಪ್ರಭೆಯ ದಂಡೆಯ ಹುಡೆಯವರೆಗೆ ತಾನಾಗಿಯೇ ನಡೆದು ಬಂದಿತ್ತು.

ತಮ್ಮನ ಮಾತಿಗೆ ನಾನು ಗದರಲಿಲ್ಲ. ಬಾಗಲಕೋಟೆಯ ಇನ್ನೊಂದು ನಾಣ್ಯದ ವಿಷಯ ಹೇಳಿದೆ. ಪೇಶ್ವೆಗಳ ಕಾಲದಲ್ಲಿ ಬಾಗಲಕೋಟೆಯಲ್ಲಿಯೇ ಒಂದು ಟಂಕಸಾಲೆ ಇತ್ತು. ಅಲ್ಲಿ ತಯಾರಾಗುತ್ತಿದ್ದ ರೂಪಾಯಿಗೆ ಮಲ್ಹಾರಶಾಹಿ ಎಂದು ಹೆಸರು. ಹೊಡೆಸಿದವರು ಮರಾಠಾ ಅಧಿಕಾರಿಗಳು. ಅದರ ಮೇಲಿದ್ದದ್ದು ಪರ್ಷಿಯನ್ ಲಿಪಿಯಲ್ಲಿ ದೆಹಲಿಯ ಮೊಗಲ್ ಬಾದಶಹನ ಹೆಸರು. ಹಾಗಾದರೆ ಅದು ಯಾರ ದುಡ್ಡು? ತಮ್ಮ ಸ್ವಲ್ಪ ಯೋಚಿಸಿ, “ಪೇಟೆಯ ದುಡ್ಡು” ಎಂದ. ಅಂಗಡಿ ನಡೆಸುವವನಿಗೆ ಅದು ಬೇಗ ಹೊಳೆಯಿತು.

ತೀರ್ಮಾನವಾದದ್ದು

ತಮ್ಮ ಶುಲ್ಕ ಕಟ್ಟಲಿಲ್ಲ. ಆ ಸಂಖ್ಯೆಯಿಂದ ಮತ್ತೆ ಕರೆಗಳು ಬಂದವು, ಬೆಲೆ ಏರಿಸಿದರು, ಬೆದರಿಸಿಯೂ ನೋಡಿದರು. ಸೈಬರ್ ಅಪರಾಧದ ದೂರು ಸಂಖ್ಯೆ 1930ಕ್ಕೆ ಅವನಿಂದಲೇ ಕರೆ ಮಾಡಿಸಿದೆ.

ಕಾನೂನಿನ ವಿಷಯವನ್ನು ಇಬ್ಬರೂ ಕೇಳಿದರು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಪುರಾತನ ವಸ್ತು. ಮನೆತನದಿಂದ ಬಂದದ್ದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಖಾಸಗಿಯಾಗಿ ದೇಶದ ಹೊರಗೆ ಕಳುಹಿಸುವಂತಿಲ್ಲ, ಇಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಇರಬೇಕು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಹುಡೆಯ ಬುಡದ ಆ ಹೊಲದಲ್ಲಿ ಮುಂದೆ ಏನಾದರೂ ಎದ್ದರೆ ಅದನ್ನು ತೊಳೆಯದೆ, ಜಾಗವನ್ನು ಕೆದಕದೆ, ತಹಶೀಲ್ದಾರರ ಕಚೇರಿಗೆ ತಿಳಿಸಬೇಕೆಂದು ಅಣ್ಣನಿಗೆ ಹೇಳಿದ್ದೇನೆ. ಆ ಹೊಲ ಅವನ ಪಾಲಿಗೆ ಬಂದಿದೆ.

ಡಬ್ಬಿಯನ್ನು ಒಡೆಯದೆ ಅಣ್ಣನ ಮನೆಯ ಜಗಲಿಯಲ್ಲಿಯೇ ಇಡುವುದು, ದೀಪಾವಳಿಗೆ ತಮ್ಮನ ಕುಟುಂಬ ಅಲ್ಲಿಗೆ ಬರುವುದು ಎಂದು ಇಬ್ಬರೂ ಒಪ್ಪಿದರು. ಪುತಳಿಯನ್ನು ಮಾತ್ರ ಮೊಮ್ಮಗಳಿಗೆ ಕೊಡಬೇಕೆಂದು ಆಯಿ ಹಟ ಹಿಡಿದಿದ್ದಾರೆ. ಅದಿನ್ನೂ ಇತ್ಯರ್ಥವಾಗಿಲ್ಲ. ಪ್ರತಿ ನಾಣ್ಯದ ಎರಡೂ ಬದಿಯ ಫೋಟೊ, ತೂಕ, ಅಡ್ಡಳತೆ, ಎಲ್ಲಿಂದ ಬಂತು ಎಂಬ ಆಯಿಯ ಮಾತು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ ಇಬ್ಬರಿಗೂ ಕೊಟ್ಟೆ. ನಾಣ್ಯಗಳನ್ನು ಹುಣಸೆಹಣ್ಣು, ನಿಂಬೆ, ಬೂದಿ ಯಾವುದರಿಂದಲೂ ಉಜ್ಜಬಾರದು ಎಂಬುದನ್ನು ಆಯಿಗೆ ಒಪ್ಪಿಸಲು ಬಹಳ ಕಷ್ಟವಾಯಿತು. ಬೆಳಗದ ಲಕ್ಷ್ಮಿಗೆ ಪೂಜೆ ಹೇಗೆ ಎಂಬುದು ಅವರ ಪ್ರಶ್ನೆ. ರಾಣಿ ರೂಪಾಯಿಗಳನ್ನು ಬೆಳಗಿ, ಉಳಿದವಕ್ಕೆ ಒಣ ಅರಿಷಿಣವನ್ನು ಕಾಗದದ ಮೇಲಿಂದ ತೋರಿಸುವುದು ಎಂಬಲ್ಲಿಗೆ ಮಾತು ನಿಂತಿತು.

ಇಬ್ರಾಹಿಂನ ಕಾಸನ್ನು ಅಣ್ಣ ಈಗ ಖಣದ ಒಳಗೆ ಇಟ್ಟಿದ್ದಾನೆ. ಅದೇ ಓಣಿಯ ಇನ್ನೆರಡು ಮನೆಗಳಲ್ಲಿಯೂ ಹುಡೆಯ ಕಡೆಯಿಂದ ಸಿಕ್ಕ ‘ದೇವರಿಲ್ಲದ ದುಡ್ಡು’ ಇದೆಯೆಂದು ಅವನು ಹೇಳಿದ. ಒಂದು ಮನೆಯಲ್ಲಿ ಅದನ್ನು ತಕ್ಕಡಿಯ ಕಲ್ಲಾಗಿ ಬಳಸುತ್ತಾರಂತೆ. ಮಳೆಗಾಲ ಮುಗಿದು ಹಿಂಗಾರಿ ಬಿತ್ತನೆಯ ಕೆಲಸ ಸಡಿಲವಾದ ಮೇಲೆ ಅವುಗಳನ್ನೂ ತೂಗಿ, ಓದಿ, ಹಾಳೆಗೆ ಸೇರಿಸಬೇಕು. ಒಂದೇ ಹೊಲದ ಸುತ್ತಲಿನ ಕಾಸುಗಳು ಒಂದೇ ಅರಸನವೋ, ಬೇರೆ ಬೇರೆಯವರವೋ ಎಂಬುದು ತಿಳಿದರೆ, ಆ ಹುಡೆಯಲ್ಲಿ ಕಾವಲು ಯಾವ ಕಾಲದವರೆಗೆ ಇತ್ತು ಎಂಬುದನ್ನು ಹೇಳಲು ಒಂದು ಹಿಡಿಕೆ ಸಿಗುತ್ತದೆ.